ಹೊಸ ಹುಚ್ಚು ಬಂತು, ಹಳೆಯದು ಅಟ್ಟ ಸೇರಿತು

ಹೋದ ತಿಂಗಳು ಈ ಪುಟದಲ್ಲಿ ದೊಡ್ಡವರ ಎಡಿಎಚ್‌ಡಿ (ಗಮನ, ಆತುರ ಹಿಡಿತಕ್ಕೆ ಸಿಗದ ಸ್ಥಿತಿ) ಬಗ್ಗೆ ಬರೆದಿದ್ದೆ. ಮರೆವು, ಒಂದೆಡೆ ನಿಲ್ಲದ ಗಮನ, ಕೊನೇ ಗಳಿಗೆಯ ಓಟ, ಇಷ್ಟೇ ಅದರಲ್ಲಿ ಇದ್ದದ್ದು. ಬಂದ ಪತ್ರಗಳು ಮಾತ್ರ ಬೇರೇನನ್ನೋ ಕೇಳುತ್ತಿವೆ. ಅರ್ಧಕ್ಕೆ ನಿಂತ ಹವ್ಯಾಸಗಳು! ಉಲ್ಲನ್, ಕೀಬೋರ್ಡು, ಮೀನಿನ ತೊಟ್ಟಿ, ಜೇನು ಪೆಟ್ಟಿಗೆ. ಹಾಗಾಗಿ ಈ ಸಲ ಪೂರ್ತಿ ಅದೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ, ಸಾಫ್ಟ್‌ವೇರ್ ಕೆಲಸ. ಕಳೆದ ವರ್ಷ ಎಡಿಎಚ್‌ಡಿ ಇದೆ ಎಂದು ಡಾಕ್ಟರ್ ಹೇಳಿದರು. ಎರಡು ವರ್ಷದಲ್ಲಿ ಕ್ರೋಶಾ, ರೆಸಿನ್, ಫೌಂಟನ್ ಪೆನ್, ಅಣಬೆ ಬೆಳೆಯೋದು, ತಿಗಳಾರಿ ಲಿಪಿ ಎಲ್ಲ ಆಯಿತು. ಶುರುವಾದಾಗ ಊಟ ನಿದ್ದೆ ಬೇಡ, ರಾತ್ರಿ ಎರಡು ಗಂಟೆವರೆಗೂ ಅದೇ ವಿಡಿಯೋ. ಮೂರು ನಾಲ್ಕು ವಾರ ಹೀಗೆ. ಆಮೇಲೆ ಒಂದು ಬೆಳಿಗ್ಗೆ ಎದ್ದರೆ ಅದನ್ನು ಮುಟ್ಟಲೂ ಮನಸ್ಸಿಲ್ಲ. ಅಮ್ಮ 'ನಿನ್ನದು ಬರೀ ಆರಂಭಶೂರತ್ವ' ಅಂತಾರೆ. ಎಷ್ಟು ದುಡ್ಡು ಹೋಗಿದೆ ಎಂದು ಲೆಕ್ಕ ಹಾಕೋಕೆ ಭಯ. ಇದು ಎಡಿಎಚ್‌ಡಿಯೋ, ನನ್ನ ಸೋಮಾರಿತನವೋ?
— ಎಸ್., ಬೆಂಗಳೂರು

ಉತ್ತರ: ರಾತ್ರಿ ಎರಡರವರೆಗೆ ಅಣಬೆ ಬೀಜದ ಬಗ್ಗೆ ಓದುವವರನ್ನು ಸೋಮಾರಿ ಅಂತ ಯಾರಾದರೂ ಕರೆಯುವುದುಂಟಾ? ಆ ಪದವನ್ನು ಮೊದಲು ಬಿಟ್ಟುಬಿಡಿ.

ನಿಮಗೆ ಆಗುತ್ತಿರುವುದರಲ್ಲಿ ಅರ್ಧ ಎಲ್ಲರಿಗೂ ಆಗುತ್ತದೆ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಗಮನಿಸಿದರು. ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಮೊದಮೊದಲು ಆ ಕೋಶಗಳು ಜೋರಾಗಿ ಮಿಡಿದವು. ಆಮೇಲೆ ದೀಪ ಹತ್ತಿದರೆ ರಸ ಬರುತ್ತದೆ ಎಂದು ಕೋತಿಗೆ ಗೊತ್ತಾಯಿತು. ಆಗ ಮಿಡಿತ ದೀಪಕ್ಕೆ ಬಂತು, ರಸಕ್ಕೆ ಬರಲಿಲ್ಲ. ಅಂದರೆ ಆ ಕೋಶಗಳಿಗೆ ಬೇಕಾದದ್ದು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಗುವುದು. ಹೊಸ ಹವ್ಯಾಸದ ಮೊದಲ ವಾರಗಳಲ್ಲಿ ದಿನಾ ಅದೇ ಆಗುತ್ತಿರುತ್ತದೆ. ನಿನ್ನೆ ಕ್ರೋಶಾ ಕಡ್ಡಿ ಹಿಡಿಯಲು ಬರುತ್ತಿರಲಿಲ್ಲ, ಇವತ್ತು ಒಂದು ಹೂವಾಯಿತು, ನಾಳೆ ಕರಡಿಮರಿಯ ತಲೆ. ಹದಿನೈದು ಇಪ್ಪತ್ತು ದಿನ ಕಳೆದ ಮೇಲೆ ಎಲ್ಲಿ ಹೋಗಬೇಕು ಆ ಅಚ್ಚರಿ? ಇನ್ನು ಉಳಿದಿರುವುದು ಒಂದೇ ತರಹದ ಮುನ್ನೂರು ಸಾಲು.

ಈ ಹಂತ ಎಲ್ಲರಿಗೂ ಬರುತ್ತದೆ. ಬೇರೆಯವರು ಅಲ್ಲಿಂದ ಮುಂದೆ ಅಭ್ಯಾಸಬಲದಿಂದಲೋ, 'ದೀಪಾವಳಿ ಹೊತ್ತಿಗೆ ಶಾಲು ಮುಗಿಯಲಿ' ಎಂಬ ದೂರದ ಆಸೆಯಿಂದಲೋ ಹೇಗೋ ಎಳೆದುಕೊಂಡು ಹೋಗುತ್ತಾರೆ. ಎಡಿಎಚ್‌ಡಿ ಇರುವ ತುಂಬಾ ಜನರಿಗೆ ದೂರದ ಫಲದ ಸೆಳೆತ ಬಹಳ ಕಡಿಮೆ. ಈಗಲೇ ಸಿಗುವ ಚಿಕ್ಕದು, ಮುಂದೆಂದೋ ಸಿಗುವ ದೊಡ್ಡದನ್ನು ಹೊಡೆದುಹಾಕುತ್ತದೆ. 2009ರಲ್ಲಿ ವಿಜ್ಞಾನಿ ನೋರಾ ವೋಲ್ಕೋ ಮತ್ತು ಅವರ ಜೊತೆಯವರು ಎಡಿಎಚ್‌ಡಿ ಇದ್ದೂ ಔಷಧಿ ತೆಗೆದುಕೊಳ್ಳದ ದೊಡ್ಡವರ ಮೆದುಳಿನ ಸ್ಕ್ಯಾನ್ ಮಾಡಿ, ಇಂಥ ಸೆಳೆತವನ್ನು ನಡೆಸುವ ದಾರಿಯಲ್ಲಿ ಡೋಪಮಿನ್ ಹಿಡಿಯುವ ಅಣುಗಳು ಕಡಿಮೆ ಇರುವುದನ್ನು ತೋರಿಸಿದರು. ಇದನ್ನೇ ರೀಲ್ಸ್‌ನವರು 'ಡೋಪಮಿನ್ ಖಾಲಿ' ಎಂದು ಮಾಡಿಬಿಟ್ಟಿದ್ದಾರೆ. ಅಷ್ಟು ಸರಳ ಇಲ್ಲ, ಆದರೆ ಪೂರ್ತಿ ಸುಳ್ಳೂ ಇಲ್ಲ.

ಒಂದು ವಿಷಯ ತಿಳಿದಿರಲಿ. ಊಟ ಮರೆತು ಒಂದರಲ್ಲೇ ಮುಳುಗುವುದಕ್ಕೆ ಹೈಪರ್‌ಫೋಕಸ್ ಅನ್ನುತ್ತಾರಲ್ವಾ, ಅದು ಎಡಿಎಚ್‌ಡಿ ಗುರುತಿಸಲು ವೈದ್ಯರು ಬಳಸುವ ಲಕ್ಷಣಗಳ ಪಟ್ಟಿಯಲ್ಲೇ ಇಲ್ಲ. ಎಡಿಎಚ್‌ಡಿ ಇರುವವರು ಸಾವಿರಾರು ಜನ ಹೇಳುತ್ತಾರೆ, ಸಂಶೋಧಕರೂ ಈಗ ಅದರ ಹಿಂದೆ ಬಿದ್ದಿದ್ದಾರೆ, ಆದರೂ ಪಟ್ಟಿಗೆ ಸೇರಿಲ್ಲ. ಹಾಗಾಗಿ ಇದನ್ನು ಓದುತ್ತಿರುವ ಬೇರೆಯವರು 'ನಾನೂ ಗಿಟಾರ್ ಬಿಟ್ಟೆ, ನನಗೂ ಎಡಿಎಚ್‌ಡಿ' ಎಂದು ಹೊರಡಬೇಡಿ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವಾ, ಮನೆ ಮತ್ತು ಕೆಲಸ ಎರಡೂ ಕಡೆ ತೊಂದರೆ ಕೊಡುತ್ತಿವೆಯಾ ಎಂದು ನೋಡಿಯೇ ವೈದ್ಯರು ಹೇಳುವುದು.

ಇನ್ನು ದುಡ್ಡು. ನಿಮ್ಮ ಪತ್ರದಲ್ಲಿ ನನಗೆ ಕಂಡ ನಿಜವಾದ ನೋವು ಅದು. ಹವ್ಯಾಸ ಬಿಟ್ಟದ್ದರಿಂದ ನಿಮಗೆ ಏನೂ ನಷ್ಟವಾಗಿಲ್ಲ ಎಂದೇ ನಾನು ಹೇಳುತ್ತೇನೆ, ತಿಗಳಾರಿಯ ಅಕ್ಷರ ನಾಲ್ಕು ವಾರದಲ್ಲಿ ಕಲಿತವರು ಎಷ್ಟು ಜನ ಇದ್ದಾರೆ? ಯೂನಿಕೋಡ್‌ಗೆ ಆ ಲಿಪಿ ಸೇರಿದ್ದೇ 2024ರ ಸೆಪ್ಟೆಂಬರಿನಲ್ಲಿ. ನಷ್ಟ ಆಗಿರುವುದು ಜೀವನಪೂರ್ತಿ ಮಾಡುತ್ತೇನೆ ಎಂದುಕೊಂಡು ಮೊದಲ ವಾರದಲ್ಲೇ ಕೊಂಡ ಸಾಮಾನಿನಿಂದ. ಕೊಳ್ಳುವುದೇ ಆ ಹುಚ್ಚಿನ ದೊಡ್ಡ ಭಾಗ, ಇದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಆಯಿತು. ಯಾವ ನಿಬ್ಬು, ಯಾವ ಕಂಪನಿ, ಯಾವ ಬಣ್ಣ ಎಂದು ಹುಡುಕುವ ರಾತ್ರಿಗಳೇ ಎಷ್ಟೋ ಸಲ ಬರೆಯುವುದಕ್ಕಿಂತ ಖುಷಿ ಕೊಡುತ್ತವೆ. ಆ ಖುಷಿಗೆ ಅಡ್ಡ ಬರಬೇಡಿ. ಹುಡುಕಿ, ಹೋಲಿಸಿ, ಕಾರ್ಟ್‌ಗೆ ಹಾಕಿ, ಅಲ್ಲೇ ಬಿಡಿ. ಶುರು ಮಾಡಲು ಚಿಕ್ಕಪೇಟೆಯಲ್ಲಿ ಒಂದು ಕಡ್ಡಿ, ಒಂದು ಉಂಡೆ ಉಲ್ಲನ್ ಸಾಕು. ದುಬಾರಿ ಸಾಮಾನು ಉತ್ಸಾಹ ಇಳಿದ ಮೇಲೆ ಕೊಳ್ಳಿ. ಹೌದು, ಇಳಿದ ಮೇಲೆ. ಆಗಲೂ ಬೇಕು ಅನಿಸಿದರೆ ಅದು ನಿಜವಾಗಿ ಬೇಕಾದದ್ದು. ಗೆಳತಿಯರು 'ಎಷ್ಟು ಚೆನ್ನಾಗಿದೆ, ಮಾರಬಹುದಲ್ವಾ' ಅಂದಾಗ ನಕ್ಕು ಸುಮ್ಮನಾಗಿ. ಮೊದಲ ತಿಂಗಳಲ್ಲೇ ಇನ್‌ಸ್ಟಾಗ್ರಾಂ ಪೇಜ್ ಮಾಡಿ ಇಪ್ಪತ್ತು ಬ್ಯಾಗಿನ ಆರ್ಡರ್ ಹಿಡಿದರೆ, ಹವ್ಯಾಸ ನಾಲ್ಕನೇ ಬ್ಯಾಗಿಗೆ ಸಾಯುತ್ತದೆ, ಉಳಿದ ಹದಿನಾರು ಸಾಲವಾಗಿ ತಲೆ ಮೇಲೆ ಕೂರುತ್ತವೆ.

ಇನ್ನೊಂದು. ಇಂಥ ಹುಚ್ಚುಗಳು ವಾಪಸ್ ಬರುತ್ತವೆ. ವರ್ಷ ಎರಡು ವರ್ಷ ಬಿಟ್ಟು ಒಂದು ದಿನ ಇದ್ದಕ್ಕಿದ್ದಂತೆ ಮತ್ತೆ ಕ್ರೋಶಾ ನೆನಪಾಗುತ್ತದೆ, ಆಗ ಡಬ್ಬ ತೆಗೆದರೆ ಎಲ್ಲಿ ನಿಲ್ಲಿಸಿದ್ದೆ, ಯಾವ ಕಡ್ಡಿ, ಯಾವ ವಿಡಿಯೋ ಒಂದೂ ಗೊತ್ತಾಗದೆ ಮೊದಲಿನಿಂದ ಶುರು ಮಾಡಬೇಕಾಗಿ ಬಂದು ಅದೇ ಬೇಸರಕ್ಕೆ ಮುಚ್ಚಿಡುತ್ತೀರಿ. ಆಸಕ್ತಿ ಇಳಿಯುತ್ತಿದೆ ಅನಿಸಿದಾಗಲೇ ಒಂದು ಚೀಟಿ ಬರೆದು ಒಳಗಿಡಿ: '14ನೇ ಸಾಲು, 4 ಮಿಲಿಮೀಟರ್ ಕಡ್ಡಿ, ಮುಂದೆ ಕರಡಿಮರಿಯ ಬಲಗೈ'. ಒಂದು ಹವ್ಯಾಸಕ್ಕೆ ಒಂದು ಡಬ್ಬ. ಡಬ್ಬ ಮುಚ್ಚದಷ್ಟು ಸಾಮಾನು ಬೇಡ.

ಲೆಕ್ಕ ಹಾಕಿ, ಭಯ ಬೇಡ. ಒಂದು ಭಾನುವಾರ ಅಮ್ಮನಿಗೆ ಕಾಣದಂತೆ ಕೂತು ಹಾಕಿ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಆಟಿಸಂ ಇದೆ. ನಾಲ್ಕು ವರ್ಷದವನಿದ್ದಾಗಿನಿಂದ ರೈಲು ಅಂದರೆ ಪ್ರಾಣ. ಈಗ ಒಂದು ವರ್ಷದಿಂದ ಅದರ ಜೊತೆಗೆ ಹೊಸ ಹೊಸದು ಹಿಡಿಯುತ್ತಾನೆ. ರೂಬಿಕ್ ಕ್ಯೂಬ್ ಆಯಿತು, ಚೆಸ್ ಆಯಿತು, ಕೀಬೋರ್ಡ್ ಕ್ಲಾಸಿಗೆ ವರ್ಷದ ಫೀಸು ಒಟ್ಟಿಗೆ ಕಟ್ಟಿದೆವು, ಎರಡನೇ ತಿಂಗಳಿಗೆ ಹೋಗಲ್ಲ ಅಂತ ಕೂತ. ಅವರಪ್ಪ 'ಬಿಡಿಸಿದರೆ ಇದೇ ಅಭ್ಯಾಸ ಆಗುತ್ತೆ, ಎಳ್ಕೊಂಡಾದರೂ ಹೋಗು' ಅಂತಾರೆ. ಆಟಿಸಂ ಮಕ್ಕಳು ಒಂದನ್ನೇ ಹಿಡಿದುಕೊಳ್ತಾರೆ ಅಂತ ಕೇಳಿದ್ದೆ, ಇವನು ಯಾಕೆ ಹೀಗೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಆಟಿಸಂ ಇರುವ ಎಷ್ಟೋ ಮಂದಿಗೆ ಒಂದೇ ಆಸಕ್ತಿ ವರ್ಷಗಟ್ಟಲೆ ಇರುವುದು ನಿಜ. ವೈದ್ಯರ ಲಕ್ಷಣಪಟ್ಟಿಯಲ್ಲೂ ತೀವ್ರವಾದ ಆಸಕ್ತಿ ಒಂದು ಅಂಶ. ಆದರೆ ಎಷ್ಟು ದಿನ ಇರಬೇಕು ಎಂದು ಯಾರೂ ಗಡುವು ಬರೆದಿಲ್ಲ. 2005ರಲ್ಲಿ ಸಂಶೋಧಕಿ ಡೈನಾ ಮರ್ರೆ ಮತ್ತು ಇನ್ನಿಬ್ಬರು ಬರೆದ ಲೇಖನವೊಂದು ಇದನ್ನು ಚೆನ್ನಾಗಿ ಹೇಳುತ್ತದೆ. ಅವರ ಪ್ರಕಾರ ಆಟಿಸಂ ಇರುವವರ ಗಮನ ಹತ್ತು ಕಡೆ ಹಂಚಿಹೋಗುವುದಿಲ್ಲ, ಒಂದು ಹೊತ್ತಿಗೆ ಒಂದೆರಡರ ಕಡೆ ಪೂರ್ತಿ ಬಲದಿಂದ ಹೋಗುತ್ತದೆ. ಆ ಒಂದು ಯಾವುದು ಎಂಬುದು ಬದಲಾಗಬಹುದು. ಬಲ ಮಾತ್ರ ಅಷ್ಟೇ.

ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಒಬ್ಬರಲ್ಲೇ ಇರುವುದೂ ಉಂಟು. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿ, ನಮ್ಮಲ್ಲೂ ಅದನ್ನೇ ತುಂಬಾ ಜನ ನೋಡುವುದು, ಎರಡನ್ನೂ ಒಟ್ಟಿಗೆ ಹೇಳಲು ಬಿಡುತ್ತಿರಲಿಲ್ಲ. ಆ ವರ್ಷ ಬಂದ ಐದನೇ ಆವೃತ್ತಿಯಲ್ಲಿ ಆ ತಡೆ ಹೋಯಿತು. ನಿಮ್ಮ ಮಗನಿಗೆ ಚಿಕ್ಕಂದಿನಲ್ಲಿ ಆಟಿಸಂ ಎಂದ ಮೇಲೆ ಇನ್ನೊಂದನ್ನು ಯಾರೂ ನೋಡಿರಲಿಕ್ಕಿಲ್ಲ. ಶಾಲೆಯ ಬ್ಯಾಗು, ಹೋಂವರ್ಕು, ಕಾಯುವುದು, ಇವುಗಳಲ್ಲೂ ಕಷ್ಟ ಇದ್ದರೆ ಅವನನ್ನು ನೋಡುವ ಡಾಕ್ಟರ ಹತ್ತಿರ ಒಮ್ಮೆ ಕೇಳಿ.

ಕೀಬೋರ್ಡ್ ಕ್ಲಾಸಿಗೆ ಎಳೆದುಕೊಂಡು ಹೋಗಬೇಡಿ. ಯಜಮಾನರ ಆತಂಕ ನನಗೆ ಅರ್ಥವಾಗುತ್ತದೆ, ಕಟ್ಟಿದ ಫೀಸಿನ ಉರಿಯೂ ಅರ್ಥವಾಗುತ್ತದೆ. ಆದರೆ ಅವನು ಕ್ಲಾಸು ಬಿಟ್ಟದ್ದು ಕೀಬೋರ್ಡ್ ಬೇಡವಾಗಿಯೋ, ಅಲ್ಲಿನ ಗದ್ದಲ ತಾಳಲಾರದೆಯೋ, ಮೇಷ್ಟ್ರು ಎಲ್ಲರೆದುರು ತಪ್ಪು ಹಿಡಿದದ್ದಕ್ಕೋ? ಕೇಳಿದ್ದೀರಾ? ಆಟಿಸಂ ಇರುವ ಮಕ್ಕಳು ಎಷ್ಟೋ ಸಲ ಇಷ್ಟವಾದದ್ದನ್ನೇ ಆ ಕೋಣೆಯ ಕಾರಣಕ್ಕೆ ಬಿಡುತ್ತಾರೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಾನಾ ನೋಡಿ. ಇನ್ನು ಮುಂದೆ ಯಾವ ಕ್ಲಾಸಾದರೂ ತಿಂಗಳ ಲೆಕ್ಕದಲ್ಲಿ ಕಟ್ಟಿ, ಒಪ್ಪದಿದ್ದರೆ ಬೇರೆ ಕ್ಲಾಸು. ಶುರು ಮಾಡುವಾಗಲೇ 'ಈ ಎಂಟು ಕ್ಲಾಸು ಮುಗಿಸೋಣ, ಆಮೇಲೆ ನೀನೇ ಹೇಳು' ಎಂದು ಅವನ ಜೊತೆ ಮಾತಾಡಿಕೊಳ್ಳಿ. ಮುಗಿಯುವ ದಿನ ಮುಂಚೆಯೇ ಗೊತ್ತಿದ್ದರೆ ಅಲ್ಲಿವರೆಗೆ ಹೋಗುವುದು ಅವನಿಗೂ ಸುಲಭ.

ರೈಲಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಹೆಚ್ಚು ಮುಖ್ಯ ಅನಿಸಿದ್ದು ಅದೇ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಎಂದು ಅವನು ನಿಮಗೆ ಎಷ್ಟು ಸಲ ಹೇಳಿರಬಹುದು? ಅದು ಅವನು ನೆಮ್ಮದಿಗೆ ಹೋಗುವ ಜಾಗ. 'ಕ್ಲಾಸಿಗೆ ಹೋದರೆ ಮಾತ್ರ ಸ್ಟೇಷನ್‌ಗೆ ಕರ್ಕೊಂಡು ಹೋಗ್ತೀನಿ' ಎಂದು ಅದನ್ನು ಆಮಿಷವಾಗಿ ಬಳಸಬೇಡಿ. ರಜೆಯಲ್ಲಿ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಒಂದು ದಿನ ಪೂರ್ತಿ ಕೊಡಿ, ಅವಸರ ಮಾಡದೆ. ಮುಂದೊಂದು ದಿನ ರೈಲೂ ಹಿಂದೆ ಸರಿಯಬಹುದು. ಹತ್ತು ವರ್ಷದ ಆಸಕ್ತಿ ಹೋದಾಗ ಈ ಮಕ್ಕಳಿಗೆ ನಿಜವಾಗಿ ದುಃಖವಾಗುತ್ತದೆ, ಮಂಕಾಗುತ್ತಾರೆ. 'ಅಬ್ಬಾ, ಬಿಟ್ಟನಲ್ಲ' ಎಂದು ಆಗ ಅವನೆದುರು ಹೇಳಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 41. ಅಡಿಕೆ ತೋಟ ಇದೆ. ಮೊದಲಿನಿಂದಲೂ ಇವರಿಗೆ ಒಂದಲ್ಲ ಒಂದು ಹುಚ್ಚು. ಅಕ್ವೇರಿಯಂ, ಡ್ರೋನ್, ಆರ್ಕಿಡ್, ತುಡುವೆ ಜೇನು. ನಾನು ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಈಗ ಒಂದು ತಿಂಗಳಿಂದ ಮೂರು ಗಂಟೆ ಮಲಗಿದರೆ ಜಾಸ್ತಿ, ಆದರೂ ಸುಸ್ತಿಲ್ಲ. ಹೋಂಸ್ಟೇ, ಜೇನಿನ ಫ್ಯಾಕ್ಟರಿ, ಏನೇನೋ ಒಟ್ಟಿಗೆ. ನನಗೆ ಹೇಳದೆ ಸಾಲ ತೆಗೆದಿದ್ದಾರೆ. ಮಧ್ಯರಾತ್ರಿ ಎಲ್ಲರಿಗೂ ಫೋನ್ ಮಾಡ್ತಾರೆ. ನಿಮ್ಮ ಲೇಖನ ಓದಿ ಇವರಿಗೂ ಎಡಿಎಚ್‌ಡಿ ಇರಬಹುದು ಅನಿಸಿತು.
— ಹೆಸರು ಬೇಡ, ತೀರ್ಥಹಳ್ಳಿ ಕಡೆ

ಉತ್ತರ: ಇದನ್ನು ಓದಿದ ತಕ್ಷಣ ಮನೋವೈದ್ಯರ ಹತ್ತಿರ ಹೋಗುವ ಏರ್ಪಾಡು ಮಾಡಿ. ಪತ್ರ ನೋಡಿ ನಾನು ಕಾಯಿಲೆಯ ಹೆಸರು ಹೇಳಲಾರೆ, ಆದರೆ ನೀವು ಬರೆದಿರುವ ಎರಡು ಭಾಗ ಒಂದೇ ಅಲ್ಲ ಎಂಬುದನ್ನು ಹೇಳಬಲ್ಲೆ.

ಮೀನು, ಡ್ರೋನ್, ಆರ್ಕಿಡ್ ಇವರ ಸ್ವಭಾವ. ಒಂದೊಂದಾಗಿ ಬಂದವು, ಹೋದವು, ಮನುಷ್ಯ ಅವರೇ ಇದ್ದರು. ಈ ಒಂದು ತಿಂಗಳಲ್ಲಿ ಮನುಷ್ಯರೇ ಬದಲಾಗಿದ್ದಾರೆ. ಹವ್ಯಾಸಕ್ಕಾಗಿ ನಿದ್ದೆಗೆಟ್ಟವರು ಮರುದಿನ ತೂಕಡಿಸುತ್ತಾರೆ, ಸಿಡುಕುತ್ತಾರೆ. ನಿದ್ದೆಯೇ ಬೇಡವಾಗುವುದು, ಸುಸ್ತೇ ಆಗದಿರುವುದು, ಮಾತು ನಿಲ್ಲದಿರುವುದು, ಒಟ್ಟಿಗೆ ನಾಲ್ಕು ದೊಡ್ಡ ಯೋಜನೆ, ಗುಟ್ಟಾಗಿ ಸಾಲ, ಇವೆಲ್ಲ ಒಂದೇ ಹೊತ್ತಿಗೆ ಬಂದು ದಿನಗಟ್ಟಲೆ ಇದ್ದರೆ ಬೈಪೋಲಾರ್ (ಉತ್ಸಾಹ, ಖಿನ್ನತೆ ಅತಿಗೆ ಹೋಗುವ) ಕಾಯಿಲೆಯ ಉನ್ಮಾದದ ಹಂತ ಇರಬಹುದಾ ಎಂದು ವೈದ್ಯರು ನೋಡುತ್ತಾರೆ. ಒಂದು ವಾರ ಹೀಗಿದ್ದರೇ ಅವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದು, ನಿಮ್ಮಲ್ಲಿ ತಿಂಗಳಾಗಿದೆ. ಎಡಿಎಚ್‌ಡಿ ಎಂದುಕೊಂಡು ಅದರ ಉತ್ತೇಜಕ ಔಷಧಿ ಶುರು ಮಾಡಿದರೆ ಉನ್ಮಾದ ಹೆಚ್ಚಾಗುವ ಅಪಾಯವೂ ಇದೆ. ಹಾಗಾಗಿ ಡಾಕ್ಟರಿಗೆ ನಿದ್ದೆ ಮತ್ತು ಸಾಲದ ವಿಷಯ ಮೊದಲು ಹೇಳಿ, ಹವ್ಯಾಸಗಳ ಕತೆ ಆಮೇಲೆ.

ಅವರು ಬರಲು ಒಪ್ಪಲಿಕ್ಕಿಲ್ಲ. ತಮಗೆ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಎಂದೇ ಅವರಿಗೆ ಅನಿಸುತ್ತಿರುತ್ತದೆ. 'ನಿಮಗೆ ತಲೆ ಸರಿ ಇಲ್ಲ' ಅನ್ನಬೇಡಿ, 'ನಿದ್ದೆ ಇಲ್ಲದೆ ಬಿಪಿ ಏರುತ್ತೆ, ತೋರಿಸಿಕೊಂಡು ಬರೋಣ' ಅನ್ನಿ. ಅವರು ಮಾತು ಕೇಳುವ ಅಣ್ಣನೋ ಭಾವನೋ ಇದ್ದರೆ ಜೊತೆಗೆ ಕರೆದುಕೊಳ್ಳಿ. ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಇವತ್ತೇ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಮಾಡಿದರೂ ನಡೆಯುತ್ತದೆ. ಅಷ್ಟರೊಳಗೆ ತೋಟದ ಕಾಗದಪತ್ರ, ಚೆಕ್ ಬುಕ್ಕು ನಿಮ್ಮ ಕೈಯಲ್ಲಿರಲಿ.

ಜೇನು ಪೆಟ್ಟಿಗೆಗಳನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ನೀವು ಬರೆದಿಲ್ಲ. ಬಿಟ್ಟರೆ ಇರುವೆ, ಮೇಣದ ಹುಳು ಸೇರಿ ಕುಟುಂಬ ಎದ್ದು ಹೋಗುತ್ತದೆ. ಅಕ್ಕಪಕ್ಕದ ಜೇನು ಸಾಕುವವರಿಗೆ ಸದ್ಯಕ್ಕೆ ಒಪ್ಪಿಸಿಬಿಡಿ. (ಉಳಿದ ಓದುಗರಿಗೂ ಇದನ್ನೇ ಹೇಳುತ್ತೇನೆ. ಹುಚ್ಚಿನ ಮೊದಲ ತಿಂಗಳಲ್ಲಿ ಜೀವ ಇರುವ ಯಾವುದನ್ನೂ ಮನೆಗೆ ತರಬೇಡಿ. ಉಲ್ಲನ್ ಅಟ್ಟದ ಮೇಲೆ ಹತ್ತು ವರ್ಷ ಇರುತ್ತದೆ, ಮೀನು ಇರುವುದಿಲ್ಲ.)

ಪ್ರಶ್ನೆ: ಶಿವರಾಮ ಕಾರಂತರು ಯಕ್ಷಗಾನ, ಸಿನಿಮಾ, ವಿಜ್ಞಾನ, ಚಿತ್ರಕಲೆ ಎಲ್ಲ ಮಾಡಿದರು. ತೇಜಸ್ವಿಯವರು ಫೋಟೋ, ಮೀನು, ಕಂಪ್ಯೂಟರ್. ಇವರಿಗೂ ಎಡಿಎಚ್‌ಡಿ ಇತ್ತೇ?
— ಕಾಲೇಜು ವಿದ್ಯಾರ್ಥಿ, ಪುತ್ತೂರು

ಉತ್ತರ: ಗೊತ್ತಾಗುವ ದಾರಿ ಇಲ್ಲ, ಮಾರಾಯ. ತೀರಿಹೋದವರಿಗೆ ಕಾಯಿಲೆಯ ಹೆಸರು ಅಂಟಿಸುವ ಈ ಹೊಸ ಆಟ ನನಗೆ ಇಷ್ಟವಿಲ್ಲ. ಅದೂ ಅಲ್ಲದೆ ಕಾರಂತರು ಮೂಕಿ ಚಿತ್ರ ತೆಗೆಯುವುದನ್ನು ಬಿಟ್ಟರು ನಿಜ, ಯಕ್ಷಗಾನವನ್ನು ಮುಪ್ಪಿನವರೆಗೂ ಬಿಡಲಿಲ್ಲ. ಹಲವು ಆಸಕ್ತಿ ಇರುವುದು ಬೇರೆ, ಆಸಕ್ತಿ ಒಂದರಲ್ಲೂ ನಿಲ್ಲದಿರುವುದು ಬೇರೆ. ನಿಮಗೆ ಎರಡನೆಯದು ಇದ್ದು ಓದಿಗೆ ತೊಂದರೆ ಆಗುತ್ತಿದ್ದರೆ ದೊಡ್ಡವರ ಹೆಸರಿನ ಹಿಂದೆ ನಿಲ್ಲದೆ ನೇರವಾಗಿ ಬರೆಯಿರಿ, ಉತ್ತರಿಸುತ್ತೇನೆ.

ಪ್ರಶ್ನೆ: ಎಡಿಎಚ್‌ಡಿಗೆ ಮಾತ್ರೆ ಶುರು ಮಾಡಲು ಹೇಳಿದ್ದಾರೆ. ತೆಗೆದುಕೊಂಡರೆ ನನ್ನ ಈ ಹುಚ್ಚುಗಳೆಲ್ಲ ಹೋಗಿಬಿಡುತ್ತವಾ? ನಿಜ ಹೇಳಬೇಕೆಂದರೆ ನನಗೆ ಅವು ಇಷ್ಟ.
— ಆರ್., ಮೈಸೂರು

ಉತ್ತರ: ಹೋಗುವುದಿಲ್ಲ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್, ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು ಇವೆರಡು. ಗಮನ ಹಿಡಿದಿಡಲು, ಅವಸರದ ತೀರ್ಮಾನಕ್ಕೆ ಮುಂಚೆ ಒಂದು ಕ್ಷಣ ನಿಲ್ಲಲು ಸಹಾಯ ಮಾಡುತ್ತವೆ. ಕೆಲವರು 'ಹವ್ಯಾಸ ಸ್ವಲ್ಪ ಜಾಸ್ತಿ ದಿನ ಉಳಿಯಿತು' ಅನ್ನುತ್ತಾರೆ, ಕೆಲವರು 'ಆಸಕ್ತಿ ಹಾಗೇ ಇದೆ, ರಾತ್ರಿ ಎರಡಕ್ಕೆ ಆರ್ಡರ್ ಮಾಡುವುದು ನಿಂತಿತು' ಅನ್ನುತ್ತಾರೆ. ಮನಸ್ಸೇ ಚಪ್ಪೆಯಾದ ಹಾಗೆ ಅನಿಸಿದರೆ ಡಾಕ್ಟರಿಗೆ ಹೇಳಿ, ಪ್ರಮಾಣ ಜಾಸ್ತಿ ಆಗಿರಬಹುದು, ಅದನ್ನು ಬದಲಿಸಬಹುದು. ಮಾತ್ರೆ ಸಾಲ ಕೊಡುವುದು, ಗೆಳೆಯರಿಂದ ತೆಗೆದುಕೊಳ್ಳುವುದು ಮಾಡಬೇಡಿ. ಮೀಥೈಲ್‌ಫೆನಿಡೇಟ್ ಮಾದಕವಸ್ತು ನಿಯಂತ್ರಣ ಕಾನೂನಿನ ಅಡಿ ಬರುವ ಔಷಧಿ, ಚೀಟಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ.

ಪ್ರಶ್ನೆ: ಬಿಟ್ಟ ಹವ್ಯಾಸಗಳ ಸಾಮಾನು ಅಟ್ಟದ ತುಂಬಾ ಇದೆ. ಉಲ್ಲನ್, ಬಣ್ಣ, ಎರಡು ಬಾಟಲಿ ರೆಸಿನ್. ಎಸೆಯಲು ಮನಸ್ಸಿಲ್ಲ, ಇಡಲು ಜಾಗವಿಲ್ಲ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಉಲ್ಲನ್ ಮತ್ತು ಬಣ್ಣ ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ, ಕ್ರಾಫ್ಟ್ ಟೀಚರ್ ಇದ್ದರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಮತ್ತೆ ಬೇಕಾಗಬಹುದು ಅನಿಸುವ ಒಂದೇ ಒಂದು ಹವ್ಯಾಸದ ಸಾಮಾನು ಇಟ್ಟುಕೊಳ್ಳಿ. ರೆಸಿನ್ ಶಾಲೆಗೆ ಬೇಡ, ಅದು ಮಕ್ಕಳ ಚರ್ಮಕ್ಕೆ ಒಳ್ಳೆಯದಲ್ಲ. ಸಿಂಕಿಗೂ ಸುರಿಯಬೇಡಿ. ಕಿಟಕಿ ತೆಗೆದು, ಗ್ಲೌಸ್ ಹಾಕಿಕೊಂಡು, ಹಾರ್ಡನರ್ ಅನ್ನು ಬಾಟಲಿ ಮೇಲೆ ಬರೆದಿರುವ ಪ್ರಮಾಣದಲ್ಲಿ ಸೇರಿಸಿ, ಸ್ವಲ್ಪ ಸ್ವಲ್ಪವೇ ಬಿಸಾಡುವ ಕಪ್ಪುಗಳಲ್ಲಿ ಗಟ್ಟಿಯಾಗಲು ಬಿಡಿ. ಒಟ್ಟಿಗೆ ದೊಡ್ಡ ಡಬ್ಬದಲ್ಲಿ ಕಲಸಿದರೆ ಸಿಕ್ಕಾಪಟ್ಟೆ ಬಿಸಿಯಾಗಿ ಹೊಗೆ ಬರುತ್ತದೆ. ಗಟ್ಟಿಯಾದ ಮೇಲೆ ಒಣಕಸಕ್ಕೆ ಹಾಕಬಹುದು. ಹಾಗೆ ಗಟ್ಟಿ ಮಾಡುವಾಗ ಒಂದೆರಡು ಒಣಗಿದ ಹೂವು ಒಳಗೆ ಹಾಕೋಣ ಅನಿಸಿ ಮತ್ತೆ ಶುರುವಾದರೆ ನನ್ನನ್ನು ಬೈಯಬೇಡಿ.